ಸೌದೆ ಕಡಿದವರು ಯಾರು?

ನಾರಣಪ್ಪನ ಹೆಣ ಇನ್ನೂ ಸುಟ್ಟಿಲ್ಲ. 1970ರಲ್ಲಿ ‘ಸಂಸ್ಕಾರ’ ಚಿತ್ರ ಬಂತು. ಅವತ್ತು ಆ ಹೆಣದ ಸುತ್ತ ಕೂತ ನಮ್ಮ ಸಿನಿಮಾ ವಿಮರ್ಶಕರು ಇವತ್ತಿಗೂ ಎದ್ದಿಲ್ಲ. ಸುಡುವವರು ಯಾರು, ಸುಟ್ಟರೆ ಧರ್ಮಕ್ಕೆ ಏನಾದೀತು, ಸುಡದಿದ್ದರೆ ಪ್ರಾಣೇಶಾಚಾರ್ಯರ ಆತ್ಮಕ್ಕೆ ಏನಾದೀತು ಅಂತ ತಿರುಗಿಸಿ ಮುರುಗಿಸಿ ಐವತ್ತು ವರ್ಷಕ್ಕೂ ಮೇಲೆ ಬರೆದಿದ್ದಾರೆ. ದೂರ್ವಾಸಪುರದ ಬ್ರಾಹ್ಮಣರಾದರೂ ಹಸಿವು ತಡೆಯಲಾರದೆ ಊಟ ಹುಡುಕಿಕೊಂಡು ಬೇರೆ ಅಗ್ರಹಾರಕ್ಕೆ ಹೋದರು. ವಿಮರ್ಶಕರಿಗೆ ಹಸಿವೂ ಆಗಿಲ್ಲ.

ನಾವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಕೇರಿಗಳಿಂದ, ಎಸ್ಟೇಟ್ ಲೈನುಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನವರು. ಈ ಹೆಣದ ವಿಷಯದಲ್ಲಿ ನಮಗೂ ನಾಲ್ಕು ಮಾತಾಡುವ ಹಕ್ಕಿದೆ. ಯಾಕೆಂದರೆ ಆ ಚಿತ್ರ ತೆಗೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಆ ಮಳೆ, ಆ ಹೊಳೆ, ಆ ಅಡಿಕೆ ತೋಟ ನಮಗೆ ಪರದೆಯ ಮೇಲಿನ ಚಂದ ಅಲ್ಲ. ನಮ್ಮ ಅಪ್ಪ-ಅವ್ವ ದಿನಾ ಕೂಲಿಗೆ ಹೋಗುವ ಜಾಗ.

ಮೊದಲು ಸಲ್ಲಬೇಕಾದ ಗೌರವ ಸಲ್ಲಿಸಿಬಿಡುತ್ತೇವೆ, ಆಮೇಲೆ ಯಾರೂ ನಮಗೆ ಕೃತಘ್ನರು ಅನ್ನಬಾರದು. ಅನಂತಮೂರ್ತಿಯವರು 1965ರಲ್ಲಿ ಬರೆದ ಕಾದಂಬರಿಯನ್ನು ಚಿತ್ರ ಮಾಡಲು ಹೊರಟ ಪಟ್ಟಾಭಿರಾಮ ರೆಡ್ಡಿ ಸಣ್ಣ ಧೈರ್ಯದ ಮನುಷ್ಯರಲ್ಲ. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ತಡೆ ಹಾಕಿತು. ದಿಲ್ಲಿಯ ಸರ್ಕಾರ ಆ ತಡೆ ತೆಗೆಯಬೇಕಾಯಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಜೈಲು ಸೇರಿದರು. ಅಲ್ಲಿ ಆರೋಗ್ಯ ಕಳೆದುಕೊಂಡು ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ಆ ತಾಯಿಯ ಮುಂದೆ ನಾವು ತಲೆಬಾಗುತ್ತೇವೆ. ನಾರಣಪ್ಪನಾಗಿ ಸತ್ತು ಬಿದ್ದಿದ್ದ ಲಂಕೇಶರು 1980ರಲ್ಲಿ ಸ್ವಂತ ಪತ್ರಿಕೆ ತೆಗೆದು ಎದ್ದು ಕೂತರು, ನಾಡನ್ನೂ ಎಬ್ಬಿಸಿದರು. ಇವರ ಜೊತೆ ನಮ್ಮ ಜಗಳವಿಲ್ಲ. ಜಗಳ ಇರುವುದು ಇವರ ಚಿತ್ರಗಳಿಗೆ ಅರ್ಥ ಹೇಳುವ ಗುತ್ತಿಗೆ ಹಿಡಿದವರ ಜೊತೆ.

ನಮ್ಮ ಕೇರಿಯ ಅಂಗಳದಲ್ಲಿ ಒಂದು ರಾತ್ರಿ ಬಿಳಿ ಪಂಚೆ ಕಟ್ಟಿ ‘ಸಂಸ್ಕಾರ’ ತೋರಿಸಿದೆವು. ಬೀಡಿ ಸೇದುತ್ತ, ಎಲೆಅಡಿಕೆ ಹಾಕುತ್ತ ಜನ ನೋಡಿದರು. ನಡುನಡುವೆ ನಕ್ಕರು. ಹೆಣದ ವಾಗ್ವಾದ ಎಳೆಯುತ್ತ ಹೋದ ಹಾಗೆ ನಮ್ಮ ಅಜ್ಜಿಯೊಬ್ಬಳಿಗೆ ತಾಳ್ಮೆ ತಪ್ಪಿತು. “ಅಲ್ಲ ಕಣ್ರೋ ಮಕ್ಳಾ, ಹೆಣ ಸುಡಾದು ಯಾರು ಅಂತ ಇಷ್ಟೊತ್ತಿಂದ ಜಗಳ ಆಡ್ತಾರಲ್ಲ, ಸೌದೆ ಕಡಿಯಾದು ಯಾರು ಅಂತ ಒಬ್ರೂ ಕೇಳ್ಲಿಲ್ವಲ್ಲ?” ಅಂದಳು.

ಅಜ್ಜಿ ಅಕ್ಷರ ಕಲಿತವಳಲ್ಲ. ಆದರೆ ನಾವು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಊರಲ್ಲಿ ಸಾವಾದರೆ ನಮ್ಮವರಿಗೆ ಏನು ಕೆಲಸ ಬೀಳುತ್ತಿತ್ತೆಂದು ಆಕೆಗೆ ಗೊತ್ತು. ಸಾವಿನ ಸುದ್ದಿ ಹೊತ್ತು ಊರೂರು ನಡೆಯುವುದು, ಸೌದೆ ಕಡಿದು ಹೊರುವುದು, ಸತ್ತ ದನ ಎಳೆಯುವುದು. ಮಂತ್ರ ಹೇಳುವ ಹಕ್ಕು ಯಾರದು ಅನ್ನುವುದು ಅಗ್ರಹಾರದೊಳಗಿನ ವ್ಯಾಜ್ಯ. ಹೊರೆ ಹೊರುವ ಹೆಗಲು ಯಾರದು ಅನ್ನುವುದರ ಬಗ್ಗೆ ವ್ಯಾಜ್ಯವೇ ಇರಲಿಲ್ಲ. ಅದು ಹುಟ್ಟುವಾಗಲೇ ತೀರ್ಮಾನವಾಗಿತ್ತು.

ಈಗ ಕಾದಂಬರಿ ತೆಗೆದು ನೋಡಿ. ಪ್ಲೇಗು ಅಗ್ರಹಾರಕ್ಕೆ ಬರುತ್ತದೆ, ಕೇರಿಗೂ ಬರುತ್ತದೆ. ಕೇರಿಯಲ್ಲೂ ಜನ ಸಾಯುತ್ತಾರೆ. ಅಲ್ಲಿ ಧರ್ಮಶಾಸ್ತ್ರದ ಓಲೆಗರಿ ಯಾರೂ ಬಿಚ್ಚುವುದಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳಿ ಯಾರೂ ಕಾಯುವುದಿಲ್ಲ. ಸತ್ತವರನ್ನು ಒಳಗೇ ಬಿಟ್ಟು ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅಷ್ಟೇ ಸಂಸ್ಕಾರ. ಒಬ್ಬ ಬ್ರಾಹ್ಮಣನ ಹೆಣಕ್ಕೆ ಒಂದಿಡೀ ಕಾದಂಬರಿ, ಒಂದಿಡೀ ಸಿನಿಮಾ, ಐವತ್ತು ವರ್ಷದ ವಿಚಾರಸಂಕಿರಣ. ಕೇರಿಯ ಹೆಣಗಳಿಗೆ ಒಂದು ಬೆಂಕಿಕಡ್ಡಿ.

ಅನಂತಮೂರ್ತಿಯವರು ಆ ಬೆಂಕಿಯನ್ನು ಬರೆದಿದ್ದಾರೆ, ಅದನ್ನು ನಾವು ಮರೆಯುವುದಿಲ್ಲ. ಬರೆದದ್ದು ಕಣ್ಣಿಗೆ ಬೀಳದೆ ಹೋದದ್ದು ಓದಿದವರಿಗೆ, ನೋಡಿದವರಿಗೆ. ಒಬ್ಬಿಬ್ಬರು ಕೇಳಿರಬಹುದು. ಅವರ ಮಾತು ಪುಟದ ಕೆಳಗಿನ ಅಡಿಟಿಪ್ಪಣಿಯಾಗಿ ಉಳಿಯಿತು. ಪುಟದ ಮೇಲೆಲ್ಲಾ ‘ಅಸ್ತಿತ್ವದ ಬಿಕ್ಕಟ್ಟು’, ‘ಅನಾಥಪ್ರಜ್ಞೆ’, ‘ಆಯ್ಕೆಯ ಸಂಕಟ’. ಸ್ವಾಮಿ, ಪ್ರಾಣೇಶಾಚಾರ್ಯರಿಗೆ ಆಯ್ಕೆ ಇತ್ತು, ಅದಕ್ಕೇ ಸಂಕಟ. ಬೆಳ್ಳಿಗೆ ಯಾವ ಆಯ್ಕೆ ಇತ್ತು? ಆಕೆ ಶ್ರೀಪತಿಗೆ ಬೇಕಾದಾಗ ಬೇಕು. ಅಪ್ಪ-ಅವ್ವ ಸಾಯುತ್ತ ಬಿದ್ದಿರುವ ಹುಡುಗಿಯ ಮಾತು ಅವನ ಕಿವಿಗೇ ಬೀಳುವುದಿಲ್ಲ. ವಿಮರ್ಶಕರ ಕಿವಿಗೂ ಬೀಳಲಿಲ್ಲ. ಬೆಳ್ಳಿ ಎಂದರೆ ‘ಪ್ರಕೃತಿ’, ಬೆಳ್ಳಿ ಎಂದರೆ ‘ಜೀವನಪ್ರೀತಿ’. ಹಸಿದ ಹೊಟ್ಟೆಯ ಹೆಣ್ಣುಮಗಳನ್ನು ಗಿಡಮರಗಳ ಪಟ್ಟಿಗೆ ಸೇರಿಸುವ ಈ ವಿದ್ಯೆಗೆ ನಾವು ಏನು ಹೆಸರಿಡೋಣ?

1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡಿಗೆ ನಾಡೇ ಅವರ ಮೇಲೆ ಬಿತ್ತು. ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ನಾವು ಈ ವಿಮರ್ಶೆಯನ್ನು ಬೂಸಾ ಅನ್ನುವುದಿಲ್ಲ. ಬೂಸಾ ತಿಂದ ದನ ಹಾಲು ಕೊಡುತ್ತದೆ.

ಇನ್ನೊಬ್ಬಳು ಬೆಳ್ಳಿ ಇದ್ದಾಳೆ. ಚೋಮನ ಮಗಳು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಅದಕ್ಕೂ ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನ್ಯಾಯವಾಗೇ ಬಂತು. ಆಮೇಲೆ ಶುರುವಾಯಿತು ನೋಡಿ ದುಡಿಯ ಪುರಾಣ. ದುಡಿ ಎಂದರೆ ಆತ್ಮದ ದನಿ, ದುಡಿ ಎಂದರೆ ಕಾಲದ ಲಯ, ದುಡಿ ಎಂದರೆ ಮೂಕನ ಭಾಷೆ. ಅಯ್ಯಾ, ಚೋಮ ಮೂಕನಲ್ಲ. ಅವನು ಬಾಯಿಬಿಟ್ಟು, ಸ್ಪಷ್ಟ ಕನ್ನಡದಲ್ಲಿ ಕೇಳಿದ. ಬೇಸಾಯಕ್ಕೆ ಒಂದು ತುಂಡು ಗದ್ದೆ ಕೊಡಿ ಅಂದ. ಕಾಡಿನಲ್ಲಿ ಸಿಕ್ಕ ಎತ್ತಿನ ಜೋಡಿಯನ್ನು ಸಾಕಿ ಇಟ್ಟುಕೊಂಡು ಕೇಳಿದ. ಹೊಲೆಯ ಬೇಸಾಯ ಮಾಡುವುದು ಕಟ್ಟಳೆ ಅಲ್ಲ ಅಂದರು. ಗದ್ದೆ ಸಿಗದೆ ಹೋದದ್ದಕ್ಕೆ ದುಡಿ ಬಾರಿಸಿದ. ನಮ್ಮ ವಿಮರ್ಶಕರು ಗದ್ದೆಯ ಮಾತು ಬಿಟ್ಟು ದುಡಿಯ ತಾಳ ಎಣಿಸುತ್ತ ಕೂತರು.

ಚಿತ್ರ ಬಂದ ಕಾಲ ಯಾವುದು? ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿಯಲ್ಲಿ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಊರೂರಲ್ಲಿ ಮೊಳಗುತ್ತಿತ್ತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ಸಾಲು ನಿಂತಿದ್ದರು. ದೇವರಾಜ ಅರಸರು ಮಾಡಿದ್ದು ದೊಡ್ಡ ಕೆಲಸವೇ. ಆದರೆ ಚೋಮ ಫಾರಂ 7 ತುಂಬುವ ಹಾಗಿತ್ತೇ? ಅವನು ಗೇಣಿದಾರನಲ್ಲ, ಆಳು. ಆಳಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಗೇಣಿ ಕೊಟ್ಟವನಿಗೆ ಭೂಮಿ, ಬೆನ್ನು ಕೊಟ್ಟವನಿಗೆ ಏನೂ ಇಲ್ಲ. ಕಾಫಿ, ಟೀ ಪ್ಲಾಂಟೇಶನ್ನುಗಳಿಗಂತೂ ಕಾಯ್ದೆಯೇ ವಿನಾಯಿತಿ ಕೊಟ್ಟಿತು. ಅಂದರೆ ನಮ್ಮ ಸೀಮೆಯ ಲೈನುಗಳ ಬಾಗಿಲಿಗೆ ಭೂಸುಧಾರಣೆ ಬರಲೇ ಇಲ್ಲ. ಚೋಮ ಪರದೆಯ ಮೇಲೆ ಬಾಗಿಲು ಹಾಕಿಕೊಂಡು ಸಾಯುವಾಗ, ಥಿಯೇಟರಿನ ಹೊರಗೆ ಸಾವಿರಾರು ಚೋಮಂದಿರು ಕಾನೂನಿನ ಹೊರಗೆ ನಿಂತಿದ್ದರು. ‘ಚೋಮನಿಗೆ ಇವತ್ತು ಭೂಮಿ ಸಿಗುತ್ತದೆಯೇ?’ ಎಂದು ಒಂದು ಸಾಲು ಬರೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿತ್ತೇ?

ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗನನ್ನು ಜ್ವರ ತಿನ್ನುತ್ತದೆ. ಇನ್ನೊಬ್ಬ ಕಿರಿಸ್ತಾನರ ಹುಡುಗಿಯ ಜೊತೆ ಮತ ಬದಲಿಸಿ ಅಲ್ಲೇ ಉಳಿಯುತ್ತಾನೆ. ಸಾಲ ಚುಕ್ತಾ ಆಗುವುದು ಬೆಳ್ಳಿಯ ಮೈಯಿಂದ. ಆ ‘ಘಟ್ಟ’ ವಿಮರ್ಶಕರಿಗೆ ಎಲ್ಲೋ ಇರುವ ಒಂದು ನರಕ. ನಮಗೆ ಅದು ಮನೆ ವಿಳಾಸ. ಕೊಪ್ಪ, ಬಾಳೆಹೊನ್ನೂರು ಕಡೆಯ ಲೈನುಗಳಲ್ಲಿ ಇವತ್ತಿಗೂ ತುಳು ಆಡುವ ಮನೆಗಳಿವೆ. ಅವರ ಅಜ್ಜ-ಅಜ್ಜಿಯರು ಮುಂಗಡ ಹಿಡಿದು ಘಟ್ಟ ಹತ್ತಿದವರು, ಇಳಿಯಲು ಆಗದವರು. ಬೆಳ್ಳಿಯ ಮೊಮ್ಮಕ್ಕಳು ನಾವೇ ಇರಬಹುದು. ಈಗ ಅದೇ ಲೈನುಗಳಿಗೆ ಅಸ್ಸಾಮಿನಿಂದ, ಬಂಗಾಳದಿಂದ ಕೂಲಿಗಳು ಬರುತ್ತಿದ್ದಾರೆ. ಅವರ ಭಾಷೆ ರೈಟರಿಗೆ ಗೊತ್ತಿಲ್ಲ, ರೈಟರ ಲೆಕ್ಕ ಅವರಿಗೆ ಗೊತ್ತಿಲ್ಲ. ‘ಚೋಮನ ದುಡಿ’ಯನ್ನು ‘ಒಂದು ಕಾಲದ ದಾಖಲೆ’ ಎಂದು ಬರೆಯುವವರು ಜನವರಿ ತಿಂಗಳಲ್ಲಿ, ಕಾಫಿ ಕುಯ್ಲಿನ ಹೊತ್ತಿಗೆ, ನಮ್ಮ ಕಡೆ ಒಂದು ದಿನ ಬಂದು ಹೋಗಲಿ.

ಹೊಸ ಅಲೆಯ ಮೊದಲ ಚಿತ್ರಗಳ ಹೆಸರನ್ನು ಒಟ್ಟಿಗೆ ಓದಿ: ‘ಸಂಸ್ಕಾರ’, ‘ವಂಶವೃಕ್ಷ’, ‘ಘಟಶ್ರಾದ್ಧ’. ಪುರೋಹಿತರು ಕೊಡುವ ಸಾಮಾನಿನ ಚೀಟಿಯ ಹಾಗಿದೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ಹಳೆಯ ಪ್ರತಿಯಿಂದ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮಗೆ ಸಂತೋಷವೇ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ನೋಡಿ ನಮ್ಮ ಹೆಣ್ಣುಮಕ್ಕಳೂ ಅತ್ತರು. ಪುರೋಹಿತಶಾಹಿ ತನ್ನ ಮನೆಯ ಹೆಣ್ಣನ್ನೂ ಬಿಡುವುದಿಲ್ಲ ಎಂದು ಆ ಚಿತ್ರ ತೋರಿಸಿತು. ಆದರೆ ಅದರ ಬಗ್ಗೆ ಮಾತಾಡುವವರು ಇನ್ನೊಂದು ಹೆಜ್ಜೆ ಮುಂದೆ ಯಾಕೆ ಹೋಗುವುದಿಲ್ಲ? ಬದುಕಿರುವವಳನ್ನು ಸತ್ತವಳೆಂದು ಸಾರಲು ಅಲ್ಲಿ ಒಂದು ಶಾಸ್ತ್ರ ಬೇಕಾಯಿತು, ಒಂದು ಮಡಕೆ ಒಡೆಯಬೇಕಾಯಿತು. ನಮ್ಮವರಿಗೆ ಮಡಕೆಯ ಖರ್ಚೂ ಇರಲಿಲ್ಲ. ಹುಟ್ಟೇ ಸಾಕಾಗಿತ್ತು.

‘ದ್ವೀಪ’ ಇದೆ. ನಾ. ಡಿಸೋಜರ ಕಾದಂಬರಿ, ಕಾಸರವಳ್ಳಿಯವರ ಚಿತ್ರ, ಶರಾವತಿಯ ಮುಳುಗಡೆ. ಅದರ ಮಳೆಯನ್ನು ಹೊಗಳಿ ಎಷ್ಟು ಪುಟ! ನಾಗಿಯ ಒಂಟಿ ಹೋರಾಟಕ್ಕೆ ಎಷ್ಟು ವ್ಯಾಖ್ಯಾನ! ನರಸಿಂಹರಾಜಪುರದವರಿಗೆ ಆ ಚಿತ್ರ ಬೇರೆಯೇ ಕಾಣುತ್ತದೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದರು, ಹಿನ್ನೀರು ನಮ್ಮ ಊರಂಚಿನ ತನಕ ಬಂದು ನಿಂತಿತು. ಪಟ್ಟೆ ಇದ್ದವನ ಹೆಸರು ಪರಿಹಾರದ ಪಟ್ಟಿಯಲ್ಲಿರುತ್ತದೆ. ಆ ಗದ್ದೆಯಲ್ಲಿ ಗೊರಬು ಹೊತ್ತು ನೆಟ್ಟಿ ಮಾಡಿದವಳ ಹೆಸರು ಯಾವ ಪಟ್ಟಿಯಲ್ಲಿರುತ್ತದೆ? ಮುಳುಗಡೆಯ ಸಿನಿಮಾ ನೋಡಿ ಈ ಪ್ರಶ್ನೆ ಹುಟ್ಟದಿದ್ದರೆ ನೋಡಿದ್ದು ಬರೀ ನೀರನ್ನು.

ಇದಕ್ಕೆಲ್ಲ ಕಾರಣ ಏನು? ಒಂದು ಕಾರಣ ‘ಕರ್ತೃ’ ಎಂಬ ಪೂಜೆ. ನಿರ್ದೇಶಕನೇ ಚಿತ್ರದ ಕರ್ತೃ ಎಂಬ ವಾದವನ್ನು 1950ರ ದಶಕದಲ್ಲಿ ಪ್ಯಾರಿಸಿನಲ್ಲಿ ‘ಕಾಯೇ ದು ಸಿನೆಮಾ’ ಪತ್ರಿಕೆಯ ಹುಡುಗರು ಎತ್ತಿದರು. ಅವರು ನಮ್ಮ ಹಾಗೇ ಬಂಡಾಯದ ಹುಡುಗರು. ಹಳೆಯ ಸಾಹಿತ್ಯಿಕ ಸಿನಿಮಾದ ದೊಡ್ಡವರನ್ನು ಬೈದು ತಮಗೊಂದು ಜಾಗ ಮಾಡಿಕೊಂಡರು. ಅಲ್ಲಿ ಬಂಡಾಯವಾಗಿದ್ದದ್ದು ನಮ್ಮಲ್ಲಿಗೆ ಬಂದು ಮಠವಾಯಿತು. ನಿರ್ದೇಶಕ ಮೂರ್ತಿ, ವಿಮರ್ಶಕ ಅರ್ಚಕ. ಗರ್ಭಗುಡಿಯೊಳಗೆ ಏನಿದೆ ಎಂದು ಅರ್ಚಕನೇ ಹೊರಗೆ ಬಂದು ಹೇಳಬೇಕು, ನಾವು ಕೈಯೊಡ್ಡಿ ತೀರ್ಥ ತಗೊಳ್ಳಬೇಕು, ಅದೂ ಮೇಲಿಂದ ಹುಯ್ದದ್ದು.

‘ಸಂಸ್ಕಾರ’ವನ್ನೇ ನೋಡಿ. ನಿರ್ದೇಶಕರು ನೆಲ್ಲೂರು ಕಡೆಯ ತೆಲುಗು ಕವಿ. ಚಿತ್ರಕತೆ ಗಿರೀಶ ಕಾರ್ನಾಡರದು, ಆಚಾರ್ಯರ ಪಾತ್ರವೂ ಅವರದೇ. ಸಂಗೀತ ರಾಜೀವ ತಾರಾನಾಥರದು. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಇಷ್ಟು ಕೈ ಸೇರಿದ ಕೆಲಸಕ್ಕೆ ಒಬ್ಬನೇ ಕರ್ತೃ ಹೇಗಾದಾನು? ಕಡಲಾಚೆಯಿಂದ ಬಂದ ಕ್ಯಾಮರಾಮನ್ನನ ಹೆಸರು ನಮ್ಮ ವಿಮರ್ಶಕರ ನಾಲಿಗೆ ತುದಿಯಲ್ಲಿದೆ. ವೈಕುಂಠಪುರದ ಏರಿನಲ್ಲಿ ಸಾಮಾನು ಹೊತ್ತವರು, ಅಡಿಗೆಗೆ ನೀರು ತಂದವರು ಯಾರು? ಸೌದೆ ಕಡಿದವರು ಯಾರು?

ಎರಡನೆಯ ಕಾರಣ ಇನ್ನೂ ಸರಳ. ನೋಡುವವರು ಕೂತ ಜಾಗ. ಅಗ್ರಹಾರದ ಜಗಲಿಯಲ್ಲಿ ಕೂತರೆ ಬೀದಿಯಾಚೆಯ ಹೆಣ ದೊಡ್ಡದಾಗಿ ಕಾಣುತ್ತದೆ, ಗುಡ್ಡದಾಚೆಯ ಹೊಗೆ ಮಂಜಿನ ಹಾಗೆ ಕಾಣುತ್ತದೆ.

ನಮಗೆ ಬರುವ ಉತ್ತರ ಗೊತ್ತಿದೆ. ‘ಕಲೆಗೆ ಜಾತಿ ಇಲ್ಲ’ ಅಂತಾರೆ. ಪ್ರಾಣೇಶಾಚಾರ್ಯರ ಸಂಕಟ ಮಾನವಕುಲದ ಸಂಕಟ, ಚೋಮನ ಸಂಕಟ ಮಾತ್ರ ಹರಿಜನರ ಸಮಸ್ಯೆ. ಒಂದು ಇಂಗ್ಲಿಷ್ ವಿಭಾಗದ ಪಾಠ, ಇನ್ನೊಂದು ಸಮಾಜ ಕಲ್ಯಾಣ ಇಲಾಖೆಯ ಕಡತ. ಜಾತಿ ಇಲ್ಲದ ಕಲೆಗೆ ಈ ಎರಡು ಕಪಾಟು ಯಾಕೆ?

ಇನ್ನು ಕೆಲವರು ಹೇಳುತ್ತಾರೆ: “ಬರೆದವರು, ತೆಗೆದವರು ತಮಗೆ ಗೊತ್ತಿದ್ದ ಲೋಕವನ್ನು ತೋರಿಸಿದರು. ನಿಮ್ಮ ಲೋಕ ತೋರಿಸಿದ್ದರೆ ಅನುಭವ ಇಲ್ಲದೆ ತೋರಿಸಿದಿರಿ ಅಂತ ನೀವೇ ಬೈಯ್ತಿದ್ದಿರಿ.” ಈ ಮಾತಿನಲ್ಲಿ ಹುರುಳಿದೆ, ಒಪ್ಪಿಕೊಳ್ಳುತ್ತೇವೆ. ಅಗ್ರಹಾರದವರು ಅಗ್ರಹಾರವನ್ನೇ ತೋರಿಸಲಿ, ಒಳಗಿನ ಕೊಳೆ ಒಳಗಿನವರೇ ತೆಗೆಯಲಿ. ಆದರೆ ಕೇರಿ ಇಲ್ಲದೆ ಅಗ್ರಹಾರ ಒಂದು ದಿನ ನಿಲ್ಲುತ್ತಿತ್ತೇ? ಒಲೆಗೆ ಸೌದೆ, ಕಣಜಕ್ಕೆ ಭತ್ತ, ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು ಎಲ್ಲಿಂದ ಬಂತು? ಅಗ್ರಹಾರದ ಸತ್ಯವನ್ನೇ ಪೂರ್ತಿ ಹೇಳಬೇಕೆಂದರೂ ಕೇರಿಯ ದಾರಿ ತುಳಿಯಲೇಬೇಕು. ನಾವು ಕೇಳುವುದು ದಯೆ ಅಲ್ಲ, ಲೆಕ್ಕ.

“ನೀವೇ ಸಿನಿಮಾ ಮಾಡಿ” ಅನ್ನುವವರಿಗೂ ಉತ್ತರವಿದೆ. ಮಾಡುತ್ತೇವೆ. ಮರಾಠಿಯಲ್ಲಿ ನಾಗರಾಜ ಮಂಜುಳೆ 2013ರಲ್ಲಿ ‘ಫ್ಯಾಂಡ್ರಿ’ ಮಾಡಿದರು. ಕೊನೆಗೆ ಆ ಹುಡುಗ ಎಸೆದ ಕಲ್ಲು ನೇರ ಪರದೆಯ ಈಚೆ ಕೂತವರ ಕಡೆಗೇ ಬರುತ್ತದೆ. ಆ ಕಲ್ಲನ್ನೂ ‘ಎಂಥಾ ಫ್ರೇಮು!’ ಎಂದು ಹೊಗಳಿ ಮನೆಗೆ ಹೋದವರಿದ್ದಾರೆ. ತಲೆಗೆ ಬಿದ್ದ ಕಲ್ಲಿನ ಆಕಾರ ವರ್ಣಿಸುವ ಈ ಜನಕ್ಕೆ ನಾವು ಎಷ್ಟು ಸಿನಿಮಾ ಮಾಡಿ ಕೊಟ್ಟರೂ ಏನು ಬಂತು? ನೋಡುವ ಕಣ್ಣು ಬದಲಾಗದೆ ತೆಗೆಯುವ ಕ್ಯಾಮರಾ ಒಂದೇ ಏನು ಮಾಡೀತು?

ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲೂಕಿನ ಊರು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಅವರು ಯಾರಿಂದ ಶುರು ಮಾಡಿದರು? ಸಿಂಬಾವಿ ಹೆಗ್ಗಡೆಯ ಜೀತದಾಳು ನಾಯಿಗುತ್ತಿಯಿಂದ. ಗುತ್ತಿ ತನ್ನ ಹುಲಿಯನನ್ನು ಕರೆದುಕೊಂಡು ಕಾಡಿನ ದಾರಿಯಲ್ಲಿ ನಡೆಯುತ್ತಾನೆ, ತಿಮ್ಮಿಯನ್ನು ಪ್ರೀತಿಸುತ್ತಾನೆ, ಹೆದರುತ್ತಾನೆ, ನಗುತ್ತಾನೆ. ಅವನು ಯಾರ ರೂಪಕವೂ ಅಲ್ಲ. ‘ಸಂಸ್ಕಾರ’ ಕಾದಂಬರಿ ಬಂದು ಎರಡೇ ವರ್ಷಕ್ಕೆ, ಅದೇ ತುಂಗೆಯ ಸೀಮೆಯಿಂದ ಬಂದ ಮನುಷ್ಯ ಅವನು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕತೆ’, ‘ತಾಯಿ ಸಾಹೇಬ’, ‘ದ್ವೀಪ’ ಎಂದು ಕನ್ನಡಕ್ಕೆ ಬಂದ ಸ್ವರ್ಣಕಮಲಗಳನ್ನು ಬೆರಳು ಮಡಚಿ ಎಣಿಸುತ್ತಾರೆ. ಗುತ್ತಿಯ ಕಣ್ಣಿನಿಂದ ಮಲೆನಾಡು ನೋಡಿದ ಚಿತ್ರ ಈ ಎಣಿಕೆಯಲ್ಲಿ ಒಂದೂ ಇಲ್ಲ. ಯಾಕಿಲ್ಲ ಎಂದು ಕೇಳುವುದು ವಿಮರ್ಶಕರ ಕೆಲಸವಾಗಿತ್ತು.

ಕಾಶಿಯ ದಾರಿಯಲ್ಲಿ ಶಂಕರರು ಚಂಡಾಲನಿಗೆ ದಾರಿ ಬಿಡು ಅಂದಾಗ, ದಾರಿ ಬಿಡಬೇಕಾದ್ದು ದೇಹವೋ ಆತ್ಮವೋ ಎಂದು ಅವನು ತಿರುಗಿ ಕೇಳಿದನಂತೆ. ಶಂಕರರು ಪಾಠ ಕಲಿತರಂತೆ. ಶೃಂಗೇರಿ ಸೀಮೆಯಲ್ಲಿ ಈ ಕತೆ ಹೇಳದ ಉಪನ್ಯಾಸವಿಲ್ಲ. ಪ್ರಶ್ನೆ ಕೇಳಿದವನು ಆಮೇಲೆ ಯಾವ ಕೇರಿಗೆ ಹೋದ, ರಾತ್ರಿ ಏನು ಉಂಡ ಎಂದು ಕತೆ ಹೇಳುವುದಿಲ್ಲ. ನಮ್ಮ ಸಿನಿಮಾ ವಿಮರ್ಶೆಯ ಕತೆಯೂ ಇಷ್ಟೇ. ನಮ್ಮಿಂದ ಒಂದು ಅರ್ಥ ತಗೊಂಡು, ನಮ್ಮನ್ನು ದಾರಿಯಲ್ಲೇ ಬಿಟ್ಟು ಹೋಗುತ್ತದೆ.

ಗೆಳೆಯರೇ, ಮೇಷ್ಟ್ರುಗಳೇ, ಈ ಚಿತ್ರಗಳನ್ನು ಬಿಟ್ಟುಬಿಡಿ ಅಂತ ನಾವು ಹೇಳುತ್ತಿಲ್ಲ. ಇವನ್ನು ತೋರಿಸಿ, ಹೆಚ್ಚು ತೋರಿಸಿ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ, ದೊಡ್ಡ ದೊಡ್ಡ ಚಿತ್ರಗಳನ್ನು ಹಳ್ಳಿಯವರ ಮುಂದೆ ಇಟ್ಟಿತು. ಹಳ್ಳಿಯವನಿಗೆ ಅರ್ಥವಾಗಲ್ಲ ಅನ್ನುವ ಸುಳ್ಳು ಅವತ್ತೇ ಸತ್ತಿತು. ಅಂದು ರೀಲು, ಪ್ರೊಜೆಕ್ಟರು ಹೊರಬೇಕಿತ್ತು. ಇಂದು ಒಂದು ಲ್ಯಾಪ್‌ಟಾಪು, ಒಂದು ಬಿಳಿ ಪಂಚೆ ಸಾಕು. ಕೇರಿಯಲ್ಲಿ ಕಟ್ಟಿ, ಲೈನಿನ ಅಂಗಳದಲ್ಲಿ ಕಟ್ಟಿ, ಶಾಲೆಯ ಗೋಡೆಗೆ ಕಟ್ಟಿ. ಚಿತ್ರ ಮುಗಿದ ಮೇಲೆ ಭಾಷಣ ಮಾಡಲು ದೊಡ್ಡವರನ್ನು ಕರೆಯಬೇಡಿ. ಮೊದಲು ಅಜ್ಜಿಯಂದಿರು ಮಾತಾಡಲಿ. ಕೊನೆ ತೆಗೆಯುವವನು ಮಾತಾಡಲಿ, ಕಾಫಿ ಕುಯ್ಯುವವಳು ಮಾತಾಡಲಿ. ಅವರು ಹೇಳಿದ್ದನ್ನು ನಮ್ಮ ಹುಡುಗ-ಹುಡುಗಿಯರು ಬರೆದುಕೊಳ್ಳಲಿ, ಅದನ್ನು ಇಂಥ ಪತ್ರಿಕೆಗಳು ಅಚ್ಚು ಮಾಡಲಿ.

ಈ ಚಿತ್ರದಲ್ಲಿ ಗೇಯುವವರು ಯಾರು? ಉಣ್ಣುವವರು ಯಾರು? ಭೂಮಿ ಯಾರ ಹೆಸರಲ್ಲಿದೆ? ಸತ್ತಾಗ ಯಾರಿಗೆ ಮಂತ್ರ, ಯಾರಿಗೆ ಬೆಂಕಿಕಡ್ಡಿ? ಈ ನಾಲ್ಕು ಪ್ರಶ್ನೆಗಳನ್ನು ಹತ್ತನೇ ಕ್ಲಾಸಿನ ಮಗುವೂ ಕೇಳಬಲ್ಲದು. ಇವಕ್ಕೆ ಉತ್ತರ ಸಿಕ್ಕಮೇಲೆ ಬೆಳಕು, ನೆರಳು, ಮೌನ, ರೂಪಕಗಳ ಮಾತು ಬರಲಿ. ನಾವೂ ಕೂತು ಕೇಳುತ್ತೇವೆ, ನಮಗೂ ಅದರ ರುಚಿ ಗೊತ್ತು, ನಾವೂ ಕವಿಗಳೇ. ಕುಯ್ಲು ಮುಗಿದು ಜನ ಊರಲ್ಲಿರುವ ಹೊತ್ತು ನೋಡಿ ಮೂರೂ ತಾಲೂಕಿನಲ್ಲಿ ಪಂಚೆ ಕಟ್ಟುವ ಕೆಲಸ ಶುರು ಮಾಡುತ್ತೇವೆ. ಮೊದಲ ಚಿತ್ರ ‘ಚೋಮನ ದುಡಿ’. ವಿಮರ್ಶಕರೂ ಬರಬಹುದು. ಚಾಪೆ ಹಾಸಿರುತ್ತೇವೆ, ಎಲ್ಲರಿಗೂ ಒಂದೇ ಚಾಪೆ. ಕರಿ ಕಾಫಿ ಇರುತ್ತದೆ. ಒಲೆಗೆ ಸೌದೆ ಅವರೇ ತರಲಿ.